ಡನ್‌ಕ್ರೇ ರೋವರ್ಸಿನ ಶಿಕಾಗೊ ಶಾಖೆ

ಹೋದ ತಿಂಗಳು ಮನೆ ಬದಲಾಯಿಸುವಾಗ ಬೇಸ್‌ಮೆಂಟಿನ ಒಂದು ಪೆಟ್ಟಿಗೆಯಲ್ಲಿ ಹಸಿರು ರಟ್ಟಿನ ನೋಟ್‌ಬುಕ್ ಸಿಕ್ಕಿತು. ರಟ್ಟಿನ ಮೇಲೆ ಟೀ ಲೋಟ ಇಟ್ಟ ಎರಡು ಉಂಗುರದ ಗುರುತು. ಒಳಗೆ ಪುಟದ ತುಂಬ ನನ್ನದೇ ದುಂಡು ಕನ್ನಡ ಅಕ್ಷರ. ಆದರೆ ಓದಲು ಹೋದರೆ ಅದು ಕನ್ನಡವಲ್ಲ. ‘ಹಿ ಕನ್ನಾ ಕಿಕ್ ಎ ಬಾ’ ಅಂತ ಒಂದು ಸಾಲು. ಅದರ ಕೆಳಗೆ ‘ದ ಬೋರ್ಡ್ ಈಸ್ ಫುಲ್ ಓ ಈಜಿಟ್ಸ್’. ಹೈಸ್ಕೂಲಿನಲ್ಲಿರುವ ನನ್ನ ಮಗಳು ಆಯಿಷಾ ಪುಸ್ತಕವನ್ನು ಉಲ್ಟಾ ಹಿಡಿದು, ‘ಅಬ್ಬಾ, ವಾಟ್ ಲ್ಯಾಂಗ್ವೇಜ್ ಈಸ್ ದಿಸ್?’ ಅಂದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲ ಬಿಡಿ.

ಅದು ಸ್ಕಾಟ್ಲೆಂಡಿನ ಕಡಲ ದಡದ ಒಂದು ಪುಟ್ಟ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ ಸಂಘದ ನಡಾವಳಿ ಪುಸ್ತಕ. ಕ್ಲಬ್ಬಿನ ಹೆಸರು ಡನ್‌ಕ್ರೇ ರೋವರ್ಸ್. ಅದರ ಶಿಕಾಗೊ ಶಾಖೆಗೆ ಚನ್ನಪಟ್ಟಣದ ನಜೀರ್ ಅಹ್ಮದ್ ಎಂಬ ನಾನು ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ಈ ಆರು ವರ್ಷದಲ್ಲಿ ಆ ಕ್ಲಬ್ಬಿನ ಒಂದೇ ಒಂದು ಆಟವನ್ನೂ ನಾನು ನೋಡಲಿಲ್ಲ. ನಗುವುದಾದರೆ ನಕ್ಕುಬಿಡಿ. ನನ್ನ ಹೆಂಡತಿ ಮುಮ್ತಾಜ್ ಆಗಲೇ ಶುರುಮಾಡಿ ಇನ್ನೂ ನಿಲ್ಲಿಸಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಡೌನರ್ಸ್ ಗ್ರೋವ್‌ನಲ್ಲಿ ಒಂದು ಹಳೆಯ ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಮನೆಯಲ್ಲಿ ಹ್ಯೂಯಿ ಎಂಬ ಮುದುಕ. ಜೀವನವಿಡೀ ಮನೆಗಳ ಫರ್ನೇಸ್ ರಿಪೇರಿ ಮಾಡಿ ನಿವೃತ್ತನಾದವನು. ಹೆಂಡತಿ ಇರಲಿಲ್ಲ. ಒಂದು ಈದ್ ದಿನ ಮುಮ್ತಾಜ್ ಅವನಿಗೆ ಬಿರಿಯಾನಿ ಕೊಟ್ಟುಬನ್ನಿ ಅಂತ ನನ್ನನ್ನು ಕಳಿಸಿದಳು. ಎರಡು ತಿಂಗಳಾದ ಮೇಲೆ ಡಬ್ಬಿ ತೊಳೆದು ವಾಪಸ್ ಕೊಡಲು ಬಂದವನು, ಗುರುವಾರ ಸಂಜೆ ನಮ್ಮ ಗ್ಯಾರೇಜಿನಲ್ಲಿ ಮೀಟಿಂಗ್ ಇದೆ, ನೀನೂ ಬಾ ಅಂದ. ಕಡೇಪಕ್ಷ ನನಗೆ ಕೇಳಿದ್ದು ಹಾಗೆ. ಅವನು ಮಾತಾಡಿದರೆ ನನಗೆ ಹತ್ತರಲ್ಲಿ ನಾಲ್ಕು ಮಾತು ಅರ್ಥವಾಗುತ್ತಿತ್ತು. ಉಳಿದ ಆರಕ್ಕೆ ತಲೆಯಾಡಿಸುತ್ತಿದ್ದೆ.

ಗ್ಯಾರೇಜಿನಲ್ಲಿ ಕಾರಿರಲಿಲ್ಲ. ಮಡಚುವ ಕುರ್ಚಿಗಳ ಮೇಲೆ ಹ್ಯೂಯಿಯೂ ಸೇರಿ ಐದು ಜನ ಕೂತಿದ್ದರು. ಅವರಲ್ಲಿ ಒಬ್ಬಳು ಮೋರಾಗ್. ಶಾಲೆಯಲ್ಲಿ ನರ್ಸ್ ಆಗಿದ್ದವಳು, ಬೆಣ್ಣೆ ಬಿಸ್ಕತ್ತು ಮಾಡಿ ತರುವವಳು. ಎಲ್ಲರೂ ಡನ್‌ಕ್ರೇ ಊರಿನವರೇ ಅಥವಾ ಆ ಊರಿನವರ ಮಕ್ಕಳು. ಅದು ಜೂನ್ ತಿಂಗಳು. ಅವರ ಫುಟ್‌ಬಾಲ್ ಆಗಸ್ಟಿನಲ್ಲಿ ಶುರುವಾಗಿ ಮೇ ತಿಂಗಳಿಗೆ ಮುಗಿದುಹೋಗುತ್ತದೆ. ನಡುವಿನ ಎರಡು ತಿಂಗಳು ಆಟವಿಲ್ಲ. ಸಂಘಕ್ಕೆ ಸುಗ್ಗಿಯೇ ಆಗ. ಯಾರು ತಂಡ ಬಿಡುತ್ತಾನೆ, ಯಾರು ಸೇರುತ್ತಾನೆ, ಹೊಸ ಕೋಚಿಗೆ ತಲೆ ನೆಟ್ಟಗಿದೆಯೇ, ಈ ವರ್ಷದ ಅಂಗಿಗೆ ಗೆರೆ ಅಡ್ಡವೋ ಉದ್ದವೋ, ಗೋಲ್‌ಕೀಪರನ ಮಂಡಿನೋವು ನಿಜವೋ ನೆಪವೋ. ಆಟ ನಡೆಯುವಾಗ ಆಟ ಬಾಯಿ ಮುಚ್ಚಿಸಿಬಿಡುತ್ತದೆ. ಸೋತರೆ ಸೋತಂತೆ, ಗೆದ್ದರೆ ಗೆದ್ದಂತೆ. ಆಟವಿಲ್ಲದ ತಿಂಗಳಲ್ಲಿ ಯಾರ ಮಾತನ್ನೂ ಯಾರೂ ಸುಳ್ಳುಮಾಡಲು ಆಗುವುದಿಲ್ಲ.

ಅಲ್ಲಿ ಕೂತ ಅರ್ಧ ಗಂಟೆಯಲ್ಲೇ ನನಗೆ ಅಪ್ಪನ ಅಂಗಡಿಗೆ ಬಂದಂತಾಯಿತು. ಅಪ್ಪ ಚನ್ನಪಟ್ಟಣದಲ್ಲಿ ದರ್ಜಿ. ಗರಡಿಮನೆಯ ಪೈಲ್ವಾನರ ಚಡ್ಡಿಗಳೆಲ್ಲ ಅವರ ಕೈಯಲ್ಲೇ ಹೊಲಿದವು. ದಸರಾ ಕುಸ್ತಿ ಮುಗಿದದ್ದೇ ತಡ, ಕುಸ್ತಿಯ ಹುಚ್ಚಿನವರು ಒಬ್ಬೊಬ್ಬರಾಗಿ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಯಾವ ಪೈಲ್ವಾನ ಬಾದಾಮಿ ಬಿಟ್ಟ, ಯಾವನಿಗೆ ಹೆಣ್ಣು ನೋಡುತ್ತಿದ್ದಾರೆ, ಮದುವೆಯಾದರೆ ಹಿಡಿತ ಸಡಿಲವಾಗುತ್ತದೋ ಬಿಗಿಯಾಗುತ್ತದೋ, ಇದೆಲ್ಲ ಮುಂದಿನ ದಸರಾದವರೆಗೂ ನಡೆಯುತ್ತಿತ್ತು. ಅವರಿಗೆಲ್ಲ ಅಪ್ಪನ ಹತ್ತಿರ ಬೇಕಾಗಿದ್ದದ್ದು ಒಂದೇ ಗುಟ್ಟು. ಇಂಥ ಪೈಲ್ವಾನನ ಸೊಂಟದ ಅಳತೆ ಈ ವರ್ಷ ಎಷ್ಟು ಸಾಬ್ರೇ? ಅಪ್ಪ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನೆ ನಗುತ್ತಿದ್ದರು. ಅಳತೆ ಎನ್ನುವುದು ಮೈಗೂ ಟೇಪಿಗೂ ಬಿಟ್ಟ ಮಾತು, ಮೂರನೆಯವರಿಗಲ್ಲ ಎನ್ನುವುದು ಅವರ ಧರ್ಮ. ನಾನು ಬಾಲ್ಯದಲ್ಲಿ ಕಂಡ ಕುಸ್ತಿ ಎರಡೋ ಮೂರೋ. ಕೇಳಿದ ಕುಸ್ತಿಗೆ ಲೆಕ್ಕವಿಲ್ಲ.

ಹಾಗಾಗಿ ಮುಂದಿನ ಗುರುವಾರವೂ ಹೋದೆ. ನಮ್ಮ ಮನೆಮಾತು ಉರ್ದುವಾದರೂ ಜಗಳಕ್ಕೆ ಇಬ್ಬರಿಗೂ ಕನ್ನಡವೇ ಸಲೀಸು. ಮುಮ್ತಾಜ್ ಅಂದು ಕನ್ನಡದಲ್ಲಿ ಕೇಳಿದಳು: ‘ರೀ, ಫುಟ್‌ಬಾಲಿನ ಬಗ್ಗೆ ನಿಮಗೆ ಏನ್ ಗೊತ್ತು ಅಂತ ಹೋಗ್ತಾ ಇದೀರ?’

ಗೊತ್ತಿಲ್ಲದ್ದೇ ನನ್ನ ಅರ್ಹತೆಯಾಯಿತು. ಮೂರನೆಯ ಮೀಟಿಂಗಿನಲ್ಲಿ ಕಾರ್ಯದರ್ಶಿಯ ಆಯ್ಕೆ ಇತ್ತು. ಐವರಲ್ಲಿ ಯಾರ ಹೆಸರು ಎತ್ತಿದರೂ ಉಳಿದ ನಾಲ್ವರು ಬೇಡವೆನ್ನುತ್ತಿದ್ದರು. ಕೊನೆಗೆ ಮೋರಾಗ್ ನನ್ನ ಕಡೆ ನೋಡಿ, ಈ ಮನುಷ್ಯನಿಗೆ ಯಾವ ಪಕ್ಷವೂ ಇಲ್ಲ, ಇವನಿಗೆ ಆಟವೇ ಗೊತ್ತಿಲ್ಲ ಅಂದಳು. ಸರ್ವಾನುಮತದಿಂದ ಆರಿಸಿದರು. ಅವರ ಇತಿಹಾಸದಲ್ಲಿ ಸರ್ವಾನುಮತ ಅದೇ ಮೊದಲಂತೆ.

ಕಾರ್ಯದರ್ಶಿ ಅಂದಮೇಲೆ ಬರೆದುಕೊಳ್ಳಬೇಕಲ್ಲ. ಅವರ ಇಂಗ್ಲಿಷನ್ನು ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಅರ್ಥವಾದ ಮೇಲೆ ತಾನೆ ಸ್ಪೆಲ್ಲಿಂಗು? ನಾನು ಕಿವಿಗೆ ಬಿದ್ದದ್ದನ್ನು ಬಿದ್ದಂತೆಯೇ ಕನ್ನಡ ಅಕ್ಷರದಲ್ಲಿ ಹಿಡಿಯತೊಡಗಿದೆ. ಅವರ ‘ರ’ಕಾರ ನಮ್ಮ ರಕಾರದ ಹಾಗೆಯೇ ಉರುಳುತ್ತದೆ. ಗಂಟಲಿನ ತಳದಿಂದ ಅವರು ಎಳೆದು ತರುವ ಸದ್ದು ನಮ್ಮ ‘ಖ’ಕ್ಕೆ ತಕ್ಕಮಟ್ಟಿಗೆ ಒಗ್ಗುತ್ತದೆ. ಮನೆಗೆ ಬಂದು ನಿಧಾನವಾಗಿ ಗಟ್ಟಿಯಾಗಿ ಓದಿಕೊಂಡರೆ ಅರ್ಧ ಅರ್ಥವಾಗುತ್ತಿತ್ತು: ‘ಹಿ ಕನ್ನಾ ಕಿಕ್ ಎ ಬಾ’ ಅಂದರೆ ಅವನಿಗೆ ಚೆಂಡು ಒದೆಯಲೂ ಬರುವುದಿಲ್ಲ, ‘ಈಜಿಟ್ಸ್’ ಅಂದರೆ ಮೂರ್ಖರು. ಇನ್ನರ್ಧದಲ್ಲಿ ಅನಾಹುತಗಳೂ ಆದವು. ಗೋಲ್‌ಕೀಪರನಿಗೆ ಈ ವರ್ಷ ಹನ್ನೊಂದು ‘ಕ್ಲೀನ್ ಶೀಟ್’ ಎಂದು ಅವರು ಸಂಭ್ರಮಪಟ್ಟಾಗ, ಪಾಪ, ಕ್ಲಬ್ಬು ಅವನಿಗೆ ಒಗೆದ ಹಾಸುಬಟ್ಟೆ ಕೊಟ್ಟಿದೆ ಅಂತ ನಾನು ನಂಬಿದ್ದೆ. ಒಂದು ಗೋಲನ್ನೂ ಬಿಟ್ಟುಕೊಡದ ಆಟಕ್ಕೆ ಹಾಗನ್ನುತ್ತಾರೆಂದು ತಿಳಿದದ್ದು, ಆ ಹಾಸುಬಟ್ಟೆಗಳಿಗಾಗಿ ಕ್ಲಬ್ಬಿಗೆ ಧನ್ಯವಾದ ಹೇಳುವ ಪತ್ರ ಬರೆದು ಹ್ಯೂಯಿಗೆ ತೋರಿಸಿದ ಮೇಲೆ. ಅವನು ನಗಲಿಲ್ಲ. ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಮುಂದೆ ಎಷ್ಟೋ ವರ್ಷ ಬೇಸರವಾದಾಗ ತೆಗೆದು ಓದಿಕೊಳ್ಳುತ್ತಿದ್ದನಂತೆ.

ಡೆಟ್ರಾಯಿಟ್ ಕಡೆಯಲ್ಲೂ ಒಂದು ಶಾಖೆಯಿತ್ತು. ಅದರ ಮುಖ್ಯಸ್ಥ ಅಲೆಕ್, ಲಿವೋನಿಯದವನು, ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಅಚ್ಚು ಮಾಡುತ್ತಿದ್ದವನು. ಪತ್ರ ಬರುವುದು ‘ಶಿಕಾಗೊ ಶಾಖೆಯ ಕಾರ್ಯದರ್ಶಿಗಳಿಗೆ’ ಅಂತ. ನಾನು ಉತ್ತರಿಸುವುದು ‘ಡೆಟ್ರಾಯಿಟ್ ಶಾಖೆಗೆ’ ಅಂತ. ಒಂದು ವರ್ಷವಾದ ಮೇಲೆ ಮೋರಾಗ್ ಹೇಳಿದಳು, ಅಲೆಕ್ ಹ್ಯೂಯಿಯ ಒಡಹುಟ್ಟಿದ ತಮ್ಮ. ಇಬ್ಬರೂ ಮಾತಾಡಿ ಒಂಬತ್ತು ವರ್ಷ.

ಅವರ ಅಪ್ಪ ಡನ್‌ಕ್ರೇ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವನಾಗಿದ್ದ. ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಕಡಲಿನಿಂದ ಬರುವ ಮರಳು ಗುಡಿಸುವುದು. ಮೂವತ್ತು ವರ್ಷ ಅದೇ ಕೆಲಸ. ಸತ್ತ ಮೇಲೆ ತನ್ನ ಬೂದಿಯನ್ನು ಅಲ್ಲೇ ಹಾಕಿ ಎಂದಿದ್ದ. ಅವನು ತೀರಿಕೊಂಡಾಗ ಅಲೆಕ್ ಮೊದಲು ತಲುಪಿದ. ಹ್ಯೂಯಿ ಹೊರಡುವ ದಿನ ಶಿಕಾಗೊದಲ್ಲಿ ಹಿಮ ಸುರಿದು ವಿಮಾನ ರದ್ದಾಯಿತು. ಒಂದು ದಿನ ತಡೆ ಅಂತ ತಮ್ಮನಿಗೆ ಫೋನ್ ಮಾಡಿದ. ಗೊತ್ತುಮಾಡಿದ ಹೊತ್ತು ಬದಲಾಯಿಸಲು ಆಗುವುದಿಲ್ಲವೆಂದು ಅಲೆಕ್ ದಹನ ಮುಗಿಸಿದ. ಹ್ಯೂಯಿ ಏರ್‌ಪೋರ್ಟಿನಿಂದಲೇ ಮನೆಗೆ ಮರಳಿದ. ಮುಗಿದ ಮೇಲೆ ಯಾಕೆ ಹೋಗಲಿ ಅಂತ ಹೋಗಲೇ ಇಲ್ಲ. ಅಲೆಕ್‌ನಿಂದ ಒಂದು ಪತ್ರ ಬಂತು. ಒಡೆಯದೆ ಹಿಂದಿರುಗಿಸಿದ. ಆಮೇಲಿನ ಪತ್ರಗಳೆಲ್ಲ ಶಾಖೆಯಿಂದ ಶಾಖೆಗೆ.

ಇದನ್ನೆಲ್ಲ ಕೇಳಿ ನಾನು ನೋಟ್‌ಬುಕ್ ಮುಚ್ಚಿದೆ. ನನಗೂ ಹೇಳುವುದು ಇತ್ತು.

ಆ ವರ್ಷದ ಬೇಸಿಗೆ ಡನ್‌ಕ್ರೇಯಿಂದ ಸುದ್ದಿ ಬಂತು. ಕ್ಲಬ್ಬಿನ ಮಂಡಳಿ ಹಳೆಯ ಮೈದಾನವನ್ನು ಯಾವುದೋ ದೊಡ್ಡ ದಿನಸಿ ಅಂಗಡಿಗೆ ಕೊಟ್ಟು ಊರಾಚೆ ಹೊಸ ಮೈದಾನ ಕಟ್ಟುವುದಂತೆ. ಗೋಲು ಕಂಬವಿದ್ದಲ್ಲಿ ಕಾರು ನಿಲ್ಲಿಸುವ ಜಾಗ. ಪರದೇಶದ ಅಭಿಮಾನಿಗಳು ದೇಶಕ್ಕೊಂದರಂತೆ ಪತ್ರ ಕಳಿಸಿ ಅಭಿಪ್ರಾಯ ಹೇಳಬಹುದು. ಅಮೆರಿಕಕ್ಕೆ ಒಂದೇ ಪತ್ರ. ಅಂದರೆ ಎರಡೂ ಶಾಖೆ ಕೂತು ಒಂದು ಮಾತಿಗೆ ಬರಬೇಕು.

ಶಿಕಾಗೊಗೂ ಡೆಟ್ರಾಯಿಟ್‌ಗೂ ನಡುವೆ, ಕಲಮಜೂ ಹತ್ತಿರದ ಒಂದು ಪಾರ್ಕಿನಲ್ಲಿ ಶನಿವಾರ ಹನ್ನೊಂದು ಗಂಟೆಗೆ ಸೇರುವುದೆಂದು ನಾನೇ ಎರಡೂ ಕಡೆಗೆ ಬರೆದೆ. ವ್ಯಾನಿಗೆ ನನ್ನ ಆಫೀಸಿನ ಗೆಳೆಯ ಶ್ರೀಪಾದನನ್ನು ಹಿಡಿದೆ. ಹುಬ್ಬಳ್ಳಿಯವನು, ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಮನೆ. ಜಗಳ ನಡೆಯುವ ಸಂಭವವಿದೆ ಅಂದದ್ದೇ ಒಪ್ಪಿಬಿಟ್ಟ. ಮುಮ್ತಾಜ್ ಒಂದು ದೊಡ್ಡ ಡಬ್ಬದ ತುಂಬ ಖೀಮಾ ಸಮೋಸ ಕಳಿಸಿದಳು. ಎಂಟಕ್ಕೆ ಹೊರಟೆವು. ದಾರಿಯುದ್ದಕ್ಕೂ ಹ್ಯೂಯಿ ಕಿಟಕಿಯಾಚೆಯೇ ನೋಡುತ್ತಿದ್ದ. ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿದೆ ಅಂತ ನಾನು ಬೀಗುತ್ತಿರುವಾಗ ಶ್ರೀಪಾದ ಎಕ್ಸಿಟ್ ಇಳಿಸಿ ಹೇಳಿದ:

‘ಸಾಹೇಬ್ರ, ಮಿಶಿಗನ್ನಿನಾಗ ಟೈಮ್ ಒಂದ್ ತಾಸು ಮುಂದ ಅದ ಏನ್ರಿ? ಆ ಬ್ಯಾಂಕಿನ ಗಡಿಯಾರ ಹನ್ನೆರಡು ತೋರಸ್ತದ ನೋಡ್ರಿ.’

ಪತ್ರದಲ್ಲಿ ನಾನು ಯಾರ ಹನ್ನೊಂದು ಗಂಟೆ ಅಂತ ಬರೆದಿರಲಿಲ್ಲ. ಆರು ವರ್ಷದ ಕಾರ್ಯದರ್ಶಿತನದಲ್ಲಿ ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿಲ್ಲ. ಅದಕ್ಕಿಂತ ಒಳ್ಳೆಯ ಕೆಲಸವನ್ನೂ ಮಾಡಿಲ್ಲ.

ಡೆಟ್ರಾಯಿಟಿನ ಏಳು ಜನ ಮರದ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದರು. ಅಲೆಕ್ ಅಣ್ಣನಿಗಿಂತ ಸಣ್ಣಗೆ, ಉದ್ದಕ್ಕೆ ಇದ್ದ. ಮೂಗು ಮಾತ್ರ ಅದೇ ಮೂಗು. ನಾನು ಓಡಿಹೋಗಿ ತಪ್ಪು ನನ್ನದೆಂದು ಹೇಳಿಕೊಂಡರೂ ಯಾರಿಗೂ ಬೇಕಾಗಿರಲಿಲ್ಲ. ಎರಡು ಬೆಂಚುಗಳಲ್ಲಿ ಎರಡು ಶಾಖೆ ಕೂತವು. ನಡುವೆ ನಾನು, ಸಮೋಸ ಡಬ್ಬ, ನೋಟ್‌ಬುಕ್ಕು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ನನಗೆ ಹೇಳುತ್ತಿದ್ದರು. ಕಾರ್ಯದರ್ಶಿಗಳೇ, ಡೆಟ್ರಾಯಿಟ್ ಶಾಖೆಗೆ ತಿಳಿಸಿ. ಕಾರ್ಯದರ್ಶಿಗಳೇ, ಶಿಕಾಗೊ ಶಾಖೆಗೆ ಹೇಳಿ. ಏಳಡಿ ದೂರದಲ್ಲಿದ್ದವರಿಗೆ ಆಗಲೇ ಕೇಳಿಸಿದ್ದನ್ನೇ ನಾನು ಇನ್ನೊಮ್ಮೆ ಹೇಳುತ್ತಿದ್ದೆ. ಶ್ರೀಪಾದ ಸಮೋಸ ತಿನ್ನುವುದನ್ನೂ ಮರೆತು ನೋಡುತ್ತಿದ್ದ.

ಹ್ಯೂಯಿಯ ವಾದ, ಮೈದಾನ ಬಿಡಬಾರದು. ಅಲೆಕ್ ಬೇರೆಯೇ ಅಂದ. ಚಾವಣಿ ಸೋರುತ್ತದೆ, ಚಳಿಗಾಲದಲ್ಲಿ ಅರ್ಧ ಮೈದಾನ ಕೆರೆ, ಊರಿನ ಮಕ್ಕಳಿಗೆ ಒಣ ನೆಲ ಬೇಕು, ಬಿಟ್ಟುಬಿಡೋಣ. ಅಪ್ಪ ಇರುವ ಜಾಗದ ಬಗ್ಗೆ ಹೀಗೆ ಹೇಳಲು ಬಾಯಿ ಹೇಗೆ ಬರುತ್ತದೆಂದು ಹ್ಯೂಯಿ ನನ್ನನ್ನು ಕೇಳಿದ. ಅಲೆಕ್ ಅದಕ್ಕೆ ಉತ್ತರ ಕೊಡದೆ, ಒಂದು ಗಂಟೆ ತಡವಾಗಿ ಬಂದವರಿಗೆ ಉಪದೇಶ ಮಾಡುವ ಹಕ್ಕಿಲ್ಲ ಅಂದ. ಹ್ಯೂಯಿ ಎದ್ದು ನಿಂತ. ಮೊದಲ ಬಾರಿ ತಮ್ಮನನ್ನು ನೋಡಿ ನೇರವಾಗಿ ಹೇಳಿದ:

‘ನನಗಾಗಿ ಒಂದು ಗಂಟೆ ಕಾಯಲು ನಿನ್ನಿಂದ ಆಗುತ್ತೆ. ಅವತ್ತು ಒಂದು ದಿನ ಕಾಯಲು ಆಗಲಿಲ್ಲ.’

ಮೋರಾಗ್ ಬಿಸ್ಕತ್ತಿನ ಡಬ್ಬಿ ಮುಚ್ಚಿದಳು. ಕಾರ್ಯದರ್ಶಿಯ ಕೆಲಸ ಬರೆದುಕೊಳ್ಳುವುದು, ಮಾತಾಡುವುದಲ್ಲ. ಆದರೂ ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆದುಕೊಂಡಿತು.

‘ನನ್ನ ಅಪ್ಪ ಹೋದಾಗಲೂ ನಾನು ಇಲ್ಲೇ ಇದ್ದೆ,’ ಅಂದೆ. ‘ನಮ್ಮಲ್ಲಿ ಮಣ್ಣು ಮಾಡಲು ಯಾರಿಗಾಗಿಯೂ ಕಾಯುವ ಪದ್ಧತಿ ಇಲ್ಲ. ತಮ್ಮ ಅವತ್ತೇ ಮುಗಿಸಿದ. ನಾನು ಮೂರನೆಯ ದಿನ ಹೋಗಿ ಮುಟ್ಟಿದೆ. ಅವನ ಮೇಲೆ ಸಿಟ್ಟಾಗಲು ನನಗೆ ಒಂದು ಕಾರಣವೂ ಇಲ್ಲ. ಆದರೂ ಸಿಟ್ಟಿದೆ.’

ಅದನ್ನು ನಾನು ಮುಮ್ತಾಜ್‌ಗೂ ಹೇಳಿರಲಿಲ್ಲ. ಪರವೂರಿನ ಪಾರ್ಕಿನಲ್ಲಿ, ನೋಡದ ತಂಡದ ಅಭಿಮಾನಿಗಳ ಮುಂದೆ ಹೇಳಿಬಿಟ್ಟೆ. ನಾಚಿಕೆಯಾಗಿ ಸಮೋಸ ಡಬ್ಬದ ಮುಚ್ಚಳ ತಿರುಗಿಸತೊಡಗಿದೆ.

ಅಲೆಕ್ ಬೆಂಚಿನ ಹಲಗೆಯ ಮೇಲೆ ಬಿದ್ದಿದ್ದ ಎಲೆಗಳನ್ನು ಕೈಯಲ್ಲಿ ಗುಡಿಸಿದ. ಆಮೇಲೆ, ‘ಅಪ್ಪ ಮೈದಾನದಲ್ಲಿ ಇಲ್ಲ ಹ್ಯೂಯಿ,’ ಅಂದ. ‘ನನ್ನ ಬೇಸ್‌ಮೆಂಟಿನಲ್ಲಿದ್ದಾನೆ. ನೀನು ಬಂದರೆ ಇಬ್ಬರೂ ಹೋಗಿ ಹಾಕೋಣ ಅಂತ ತಂದಿದ್ದೆ. ನೀನು ಒಡೆಯದ ಪತ್ರದಲ್ಲಿ ಅದನ್ನೇ ಬರೆದಿದ್ದೆ.’

ಹ್ಯೂಯಿ ನಿಂತೇ ಇದ್ದ. ಅವನ ಕೈ ಎರಡು ಸಲ ಟೋಪಿಗೆ ಹೋಗಿ ವಾಪಸ್ ಬಂತು. ಕೊನೆಗೆ ಅವನು ಕೇಳಿದ್ದು ಒಬ್ಬ ಫರ್ನೇಸ್ ರಿಪೇರಿಯವನು ಕೇಳುವ ಪ್ರಶ್ನೆ.

‘ಬೇಸ್‌ಮೆಂಟ್ ಒಣಗಿದೆಯಾ?’

‘ಒಣಗಿದೆ,’ ಅಂದ ಅಲೆಕ್. ‘ತೇವ ಎಳೆಯೋ ಮೆಶಿನ್ ಇಟ್ಟಿದೀನಿ. ಒಂಬತ್ತು ವರ್ಷದಿಂದ ಓಡ್ತಾ ಇದೆ.’

ಹ್ಯೂಯಿ ಹೋಗಿ ಡೆಟ್ರಾಯಿಟ್ ಬೆಂಚಿನ ತುದಿಯಲ್ಲಿ ಕೂತ. ಅಪ್ಪಿಕೊಳ್ಳುವುದು, ಅಳುವುದು ಯಾವುದೂ ನಡೆಯಲಿಲ್ಲ. ಯಾವ ಕಂಪನಿಯ ಮೆಶಿನ್, ಅದರ ನೀರು ಎಲ್ಲಿಗೆ ಬಿಡುತ್ತೀಯ ಅಂತ ವಿಚಾರಿಸಿದ. ಅರ್ಧ ಗಂಟೆ ಆ ಮೆಶಿನ್ನಿನ ವಿಷಯವನ್ನೇ ಮಾತಾಡಿದರು. ಪತ್ರದ ಕೆಲಸ ಹತ್ತು ನಿಮಿಷದಲ್ಲಿ ಆಯಿತು. ಮೈದಾನ ಬಿಡುವುದಿದ್ದರೆ ಬಿಡಿ, ಅದಕ್ಕೆ ಮೊದಲು ಹಳಬರೆಲ್ಲ ಒಮ್ಮೆ ಬಂದು ನೋಡಿಹೋಗಲು ಬಾಗಿಲು ತೆರೆದಿಡಿ ಅಂತ ಬರೆದೆವು. ಇಷ್ಟೆಲ್ಲ ಆದಮೇಲೆ ಆ ದಿನಸಿ ಅಂಗಡಿ ಡನ್‌ಕ್ರೇಗೆ ಬರಲೇ ಇಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಆಗಸ್ಟಿನ ಹೊತ್ತಿಗೆ ಅವರು ಬೇರೆ ಊರು ನೋಡಿಕೊಂಡರು. ಚಾವಣಿ ಈಗಲೂ ಸೋರುತ್ತಿದೆಯಂತೆ. ಬೇಸಿಗೆಯ ಸುದ್ದಿಗಳ ಹಣೆಬರಹವೇ ಅಷ್ಟು.

ವಾಪಸ್ ಬರುವಾಗ ಹ್ಯೂಯಿ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದ. ಶ್ರೀಪಾದ ದಾರಿ ನೋಡುತ್ತಲೇ ಮೆಲ್ಲಗೆ ಕೇಳಿದ:

‘ಸಾಹೇಬ್ರ, ನಿಮ್ಮ ತಮ್ಮಗ ಫೋನ್ ಮಾಡ್ತೀರಿಲ್ಲೋ?’

‘ತಿಂಗಳಿಗೊಂದ್ಸಲ ಮಾಡ್ತೀನಲ್ಲ.’

‘ಹಂಗಲ್ರಿ. ಇದನ್ನ ಮಾತಾಡಾಕ.’

ಮರುದಿನ ಬೆಳಿಗ್ಗೆ ಫೋನ್ ಕಾರ್ಡಿನ ಹಿಂದಿನ ನಂಬರನ್ನು ಮೂರು ಸಲ ತಪ್ಪಾಗಿ ಒತ್ತಿ, ನಾಲ್ಕನೆಯ ಸಲಕ್ಕೆ ತಮ್ಮ ಇಲಿಯಾಸ್ ಸಿಕ್ಕಿದ. ಹವೆ, ಆರೋಗ್ಯ, ಮಕ್ಕಳ ಪರೀಕ್ಷೆ ಎಲ್ಲ ಆದವು. ಆಮೇಲೆ, ಅವತ್ತು ಏನೇನಾಯಿತು ಪೂರ್ತಿ ಹೇಳು ಅಂದೆ. ಅವನು ಹೇಳತೊಡಗಿದ. ಅಪ್ಪನನ್ನು ಸಂಜೆಯ ಅಸರ್ ನಮಾಜಿನ ಹೊತ್ತಿಗೇ ಒಯ್ಯಬೇಕಾಗಿತ್ತಂತೆ. ಇವನು ಏನೇನೋ ನೆಪ ಹೇಳಿ ಹೊತ್ತು ಮುಳುಗಿದ ಮೇಲಿನ ಮಗ್ರಿಬ್‌ವರೆಗೆ ತಡೆದನಂತೆ. ಹಿರಿಯರು ಬೈದರಂತೆ. ನೀನು ಇನ್ನೂ ಶಿಕಾಗೊ ಬಿಟ್ಟಿಲ್ಲ ಅಂತ ನನಗೆ ಗೊತ್ತಿತ್ತು ಅಣ್ಣ, ಆದರೂ ಯಾಕೋ ತಡೆದೆ ಅಂದ. ಕಾರ್ಡಿನಲ್ಲಿದ್ದ ನಿಮಿಷಗಳು ಮುಗಿದು ಮಾತು ಅಲ್ಲಿಗೇ ತುಂಡಾಯಿತು. ನಾನು ಸತ್ತ ಫೋನನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ಮುಮ್ತಾಜ್ ಟೀ ಇಟ್ಟಳು.

ಜುಲೈ ಕೊನೆಯಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಡನ್‌ಕ್ರೇಗೆ ಹೋದರು. ಒಂದು ಭಾನುವಾರ ಬೆಳಿಗ್ಗೆ ಮುಮ್ತಾಜ್ ದೋಸೆ ಹುಯ್ಯುತ್ತಿದ್ದಾಗ ಫೋನ್ ಬಂತು. ಆ ಕಡೆ ಜೋರು ಗಾಳಿ, ಕಡಲಹಕ್ಕಿಗಳ ಕಿರುಚಾಟ. ಯಾರೋ ನೆಂಟರ ಮೊಬೈಲಿನಿಂದ ಹ್ಯೂಯಿ ಮಾತಾಡುತ್ತಿದ್ದ. ಇಬ್ಬರೂ ಖಾಲಿ ಮೈದಾನದ ನಡುವೆ ನಿಂತಿದ್ದಾರೆ. ಅಪ್ಪನನ್ನು ಊರ ಕಡೆಯ ಗೋಲಿನ ಹತ್ತಿರ ಹಾಕಬೇಕೆಂದು ಇವನು, ಕಡಲ ಕಡೆಯ ಗೋಲಿನ ಹತ್ತಿರ ಎಂದು ಅವನು. ಮುಕ್ಕಾಲು ಗಂಟೆಯಿಂದ ಒಂದು-ಒಂದು ಮತ. ಕಾರ್ಯದರ್ಶಿಯ ಮತ ಬೇಕು.

ಕಾಣದ ಮೈದಾನದ ಮೇಲೆ ನಾನು ಏನಂತ ಮತ ಹಾಕಲಿ? ಯೋಚಿಸಿ ಕೇಳಿದೆ:

‘ಆಟ ಇಲ್ಲದ ದಿನ ನಿಮ್ಮಪ್ಪ ಎಲ್ಲಿ ಕೂತ್ಕೊಳ್ಳೋರು?’

ಹ್ಯೂಯಿ ನನ್ನ ಪ್ರಶ್ನೆಯನ್ನು ತಮ್ಮನಿಗೆ ದಾಟಿಸಿದ. ಇಬ್ಬರೂ ಒಟ್ಟಿಗೆ ಏನೋ ಅಂದರು. ಮೂಲೆಯಲ್ಲಿ ಒಂದು ತಗಡಿನ ಶೆಡ್ ಇದೆಯಂತೆ. ಹುಲ್ಲು ಕತ್ತರಿಸುವ ಯಂತ್ರ ಇಡುವ ಜಾಗ. ಅದರ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಬೇಸಿಗೆಯಿಡೀ ಕೂತು, ಬೀಜ ಬಿತ್ತಿದ ಹುಲ್ಲು ಬೆಳೆಯುವುದನ್ನು ಕಾಯುತ್ತಿದ್ದನಂತೆ. ಮಕ್ಕಳು ಅಡ್ಡ ಓಡಿದರೆ ಬೈಯುತ್ತಿದ್ದನಂತೆ.

ಹ್ಯೂಯಿ ಫೋನ್ ಕತ್ತರಿಸುವುದನ್ನು ಮರೆತು ಜೇಬಿಗೆ ಹಾಕಿಕೊಂಡನೆಂದು ಕಾಣುತ್ತದೆ. ಹೆಜ್ಜೆಯ ಸದ್ದು ಬಂತು. ತುಕ್ಕು ಹಿಡಿದ ಅಗುಳಿಯನ್ನು ಯಾರೋ ಜಗ್ಗಿದರು. ಆಮೇಲೆ ಎರಡು ದನಿ ಏರತೊಡಗಿದವು. ಶೆಡ್ಡಿನ ಕಿಟಕಿಯ ಗಾಜನ್ನು ಚಿಕ್ಕಂದಿನಲ್ಲಿ ಒಡೆದದ್ದು ಯಾರು, ಅದಕ್ಕೆ ಪೆಟ್ಟು ತಿಂದದ್ದು ಯಾರು ಎನ್ನುವ ವಿಷಯಕ್ಕೆ ಜಗಳ.

‘ಯಾರದು ಫೋನು?’ ಅಂತ ಮುಮ್ತಾಜ್ ಕೇಳಿದಳು.

‘ಹ್ಯೂಯಿದು. ಅಣ್ಣತಮ್ಮ ಜಗಳ ಆಡ್ತಾ ಇದಾರೆ.’

‘ಮತ್ತೆ ನೀವ್ಯಾಕೆ ಹಿಡ್ಕೊಂಡು ನಿಂತಿದೀರ?’

ನಾನು ರಿಸೀವರನ್ನು ಸ್ವಲ್ಪ ಓರೆ ಮಾಡಿ ಹಿಡಿದೆ. ಅವಳು ಒಲೆ ಸಣ್ಣಗೆ ಮಾಡಿ, ಹಿಟ್ಟಿನ ಕೈಯನ್ನು ದುಪ್ಪಟ್ಟಾಕ್ಕೆ ಒರೆಸಿಕೊಂಡು ಬಂದು, ನನ್ನ ಕಿವಿಯ ಪಕ್ಕ ತನ್ನ ಕಿವಿಯಿಟ್ಟು ನಿಂತಳು.